ಕೇಸ್ ಶೀಟಿನ ಒಂದು ಸಾಲು

ನಾವೇ ಬರೆದ ಒಂದು ಸಾಲಿನಿಂದ ಶುರು ಮಾಡುತ್ತೇವೆ. 2015ರಲ್ಲಿ ಒಂದು ದೊಡ್ಡ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಬರೆದದ್ದು. ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: 'ತಾಯಿ ಸಹಕರಿಸುತ್ತಿಲ್ಲ. ಹೇಳಿದ ದಿನ ಬರುತ್ತಿಲ್ಲ. ಕೇಸು ಮುಚ್ಚಲಾಗಿದೆ.' ಕೆಳಗೆ ನಮ್ಮ ಸಹಿ.

ಆ ತಾಯಿ ಕೂಲಿಯವಳು. ಬರೆದ ನಾವೂ ಕೂಲಿಯವರ ಮಕ್ಕಳೇ. ನಮ್ಮ ಅವ್ವಂದಿರ ಬಗ್ಗೆ ಸ್ಕೂಲಿನಲ್ಲಿ ಇಂಥದೇ ಮಾತು ಆಡಿದ್ದರು: 'ಈ ಜನಕ್ಕೆ ಮಕ್ಕಳ ಮೇಲೆ ನಿಗಾ ಇಲ್ಲ.' ಆ ಮಾತಿಗೆ ಅವ್ವ ತಲೆ ತಗ್ಗಿಸಿ ನಿಂತದ್ದನ್ನು ಕಣ್ಣಾರೆ ಕಂಡವರು ನಾವು. ಅದೇ ಮಾತನ್ನು ವರ್ಷಗಳ ಮೇಲೆ ಬಿಳಿ ಕೋಟು ಹಾಕಿಕೊಂಡು ಇನ್ನೊಬ್ಬ ಅವ್ವನ ಮೇಲೆ ಬರೆದೆವು. ಯಾಕೆ ಬರೆದೆವು? ಹಾಗೆ ಬರೆಯೋದನ್ನು ನಮಗೆ ಯಾರು ಕಲಿಸಿದರು? ಕಲಿಸಿದ್ದರಲ್ಲಿ ಉಳಿಸಿಕೊಳ್ಳಬೇಕಾದ್ದು ಎಷ್ಟು, ಬಿಡಬೇಕಾದ್ದು ಎಷ್ಟು? ಗೆಳೆಯರೇ, ಇದು ನಮ್ಮ ಓದಿನ ಲೆಕ್ಕ. ನಿಮ್ಮ ಮುಂದೆ ಒಪ್ಪಿಸುತ್ತಿದ್ದೇವೆ.

ನಾವು ಮೂವರು. ಮೂರು ಊರು, ಮೂರು ಕೇರಿ. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಸರ್ಕಾರಿ ಹಾಸ್ಟೆಲ್ಲಿನ ಅನ್ನ ತಿಂದು ಓದಿದವರು. ಡಾಕ್ಟರ್ ಸೀಟಿಗೆ ಅಂಕ ಸಾಲಲಿಲ್ಲ, ಫಿಜಿಯೊಥೆರಪಿ ಸಿಕ್ಕಿತು. 'ಹಂಗಂದ್ರೆ ಏನ್ಲಾ?' ಎಂದು ಮನೆಯಲ್ಲಿ ಕೇಳಿದರು. ಮೂಳೆ, ಸ್ನಾಯು, ನರ ಕೆಟ್ಟು ಮೈ ಏಳದವರಿಗೆ ಕೈಯಿಂದ, ವ್ಯಾಯಾಮದಿಂದ ಮತ್ತೆ ಓಡಾಡೋ ಹಾಗೆ ಮಾಡೋದು ಎಂದೆವು. 'ನೀವುತಾರಲ್ಲ, ಅದಾ? ಅದ್ಕೂ ಕಾಲೇಜಿಗೆ ಹೋಗ್ಬೇಕಾ?' ಅಂದ ಒಬ್ಬನ ಅಪ್ಪ. ಆಗ ನಾಚಿಕೆಯಾಯಿತು. ಆ ಪ್ರಶ್ನೆಯಲ್ಲಿ ತೂಕವಿತ್ತು ಎಂದು ತಿಳಿದದ್ದು ಬಹಳ ತಡವಾಗಿ.

ನಮ್ಮ ಕಾಲದ ಬಿ.ಪಿ.ಟಿ. ಎಂದರೆ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ಆಮೇಲೆ ಎರಡು ವರ್ಷದ ಎಂ.ಪಿ.ಟಿ. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಈ ಓದು ನಡೆಯುತ್ತದೆ. ಸ್ನಾತಕೋತ್ತರಕ್ಕೆ ಬಂದವರು ಒಂದು ವಿಭಾಗ ಹಿಡಿಯಬೇಕು: ಮೂಳೆ-ಕೀಲು ಮತ್ತು ಕ್ರೀಡೆ, ಹೃದಯ-ಶ್ವಾಸಕೋಶ, ನರ, ಮಕ್ಕಳು, ಹೀಗೆ. ಕ್ರೀಡೆಯ ಕಡೆಗೆ ನೂಕುನುಗ್ಗಲು. ಅಲ್ಲಿ ಹೆಸರಿದೆ, ದುಡ್ಡಿದೆ. ನಾವು 2014ರಲ್ಲಿ ಮಕ್ಕಳ ವಿಭಾಗ ಹಿಡಿದೆವು. ಆದರ್ಶ ಇಟ್ಟುಕೊಂಡು ಹಿಡಿದೆವು ಎಂದರೆ ಸುಳ್ಳಾಗುತ್ತದೆ. ಸೀಟು ಖಾಲಿ ಇತ್ತು.

ಲೈಬ್ರರಿಯ ಪುಸ್ತಕಗಳೆಲ್ಲ ಹೆಚ್ಚುಪಾಲು ಅಮೆರಿಕದವು. ಆ ದೇಶದಲ್ಲಿ ಪದವಿ ಮುಗಿಸಿದ ಮೇಲಿನ ಈ ತರಬೇತಿಗೆ ರೆಸಿಡೆನ್ಸಿ ಅನ್ನುತ್ತಾರೆ. ಹೆಸರೇ ಹೇಳುವಂತೆ ಒಂದು ಕಡೆ ಇದ್ದು ಕಲಿಯೋದು. ಮಕ್ಕಳ ವಿಭಾಗದ ರೆಸಿಡೆನ್ಸಿ ಸುಮಾರು ಒಂದು ವರ್ಷದ್ದು. ಅಲ್ಲಿನ ನಿಯಮದಂತೆ ಕನಿಷ್ಠ 1,500 ಗಂಟೆ ರೋಗಿಗಳ ಜೊತೆ ದುಡಿಯಬೇಕು, 300 ಗಂಟೆ ಪಾಠ, 150 ಗಂಟೆ ಅನುಭವಸ್ಥರ ಮಾರ್ಗದರ್ಶನ. ಆಮೇಲೆ ತಜ್ಞರ ಪರೀಕ್ಷೆ. ರೆಸಿಡೆನ್ಸಿ ಮಾಡದವರು 2,000 ಗಂಟೆ ಮಕ್ಕಳ ಜೊತೆ ಕೆಲಸ ಮಾಡಿದ ಲೆಕ್ಕ ತೋರಿಸಿ ಅದೇ ಪರೀಕ್ಷೆಗೆ ಕೂರಬಹುದು. ಕಲಿಯುವವರಿಗೆ ಬಹುಪಾಲು ಸಂಬಳವೂ ಉಂಟು. ನಮ್ಮ ಪಾಲಿನ ರೆಸಿಡೆನ್ಸಿ ಎಂದರೆ ಎಂ.ಪಿ.ಟಿ.ಯ ಆ ಎರಡು ವರ್ಷವೇ. ನಾವು ಫೀಸು ಕಟ್ಟಿ ದುಡಿದೆವು. ಸ್ಕಾಲರ್‌ಶಿಪ್ಪಿನ ದುಡ್ಡು ಕೈಗೆ ಬರೋ ಹೊತ್ತಿಗೆ ಮುಂದಿನ ವರ್ಷದ ಫೀಸಿನ ನೋಟೀಸು ಬಂದಿರುತ್ತಿತ್ತು.

ಹಾಗಂತ ಆ ಎರಡು ವರ್ಷವನ್ನು ಹಳಿಯಲಾರೆವು. ನಮ್ಮ ಕೈಗೆ ವಿದ್ಯೆ ಬಂದದ್ದೇ ಅಲ್ಲಿ.

ಮಕ್ಕಳ ಫಿಜಿಯೊಥೆರಪಿ ಪುಸ್ತಕದಿಂದ ಬರೋದಿಲ್ಲ. ಕೈಯಿಂದ ಕೈಗೆ ದಾಟಬೇಕು. ಮೊದಲ ವಾರ ನಮ್ಮ ಮೇಡಂ ಬಿಗಿದುಕೊಂಡಿದ್ದ ಒಂದು ಕೂಸನ್ನು ಚಾಪೆ ಮೇಲೆ ಮಲಗಿಸಿದರು. ಅದರ ಸೊಂಟದ ಎರಡೂ ಕಡೆ ನಮ್ಮ ಕೈ ಇಡಿಸಿದರು. ನಮ್ಮ ಕೈ ಮೇಲೆ ತಮ್ಮ ಕೈ ಇಟ್ಟರು. 'ಒತ್ತಬೇಡಿ. ಸುಮ್ಮನೆ ಇಟ್ಟುಕೊಂಡಿರಿ. ಬಿಗಿ ಬಿಡೋದು ಬೆರಳಿಗೆ ಗೊತ್ತಾಗುತ್ತೆ' ಅಂದರು. ಗೊತ್ತಾಯಿತು. ಹೆಪ್ಪುಗಟ್ಟಿದ ತುಪ್ಪ ಬಿಸಿಲಿಗೆ ಸಡಿಲಾಗುವ ಹಾಗೆ ಅದರ ತೊಡೆ ಸಡಿಲಾಯಿತು. ಕೂಸು ಅಳು ನಿಲ್ಲಿಸಿತು.

ಮೇಡಂ ಯಾವ ಜಾತಿ ಎಂದು ಅವರ ಹೆಸರಿನ ಕೊನೆಯೇ ಹೇಳುತ್ತಿತ್ತು. ನಮ್ಮದು ಯಾವುದು ಎಂದು ಅಡ್ಮಿಷನ್ ಪಟ್ಟಿ ಹೇಳುತ್ತಿತ್ತು. ಊರಿನ ಹೋಟೆಲಲ್ಲಿ ಬೇರೆ ಲೋಟ ಹಿಡಿದಿದ್ದ ಕೈ ಮೇಲೆ ಅವರ ಕೈ ಇತ್ತು. ಅವರಿಗೆ ಅದು ಪಾಠ. ನಮಗೆ ಅದು ಪಾಠಕ್ಕಿಂತ ಹೆಚ್ಚು. ಇದನ್ನು ಬರೆಯದೆ ಹೋದರೆ ನಾವು ನ್ಯಾಯಸ್ಥರಲ್ಲ.

ಎಲ್ಲರೂ ಮೇಡಂ ಹಾಗಿರಲಿಲ್ಲ. ಒಬ್ಬ ತಾಯಿ ನಮ್ಮಲ್ಲೊಬ್ಬನ ಹೆಸರು ಕೇಳಿದಳು, ಊರು ಕೇಳಿದಳು, ಊರಲ್ಲಿ ಮನೆ ಯಾವ ಕಡೆ ಅಂತ ಕೇಳಿದಳು. ಆಮೇಲೆ ಕೂಸನ್ನು ಕೊಡಲಿಲ್ಲ. ಬೇರೆಯವರು ಬರಲಿ ಅಂದಳು. ಎರಡು ವಾರ ಬಿಟ್ಟು ಅದೇ ಕೈಗೇ ಕೊಟ್ಟಳು, ಯಾಕೆಂದರೆ ಕೂಸು ಅಳದೆ ಇರುತ್ತಿದ್ದದ್ದು ಆ ಕೈಯಲ್ಲೇ. ಆಕೆಯ ಮನಸ್ಸು ತಿರುಗಿತೋ, ಬೇರೆ ದಾರಿ ಇರಲಿಲ್ಲವೋ, ನಾವು ಕೇಳಲಿಲ್ಲ. ಕೂಸಂತೂ ಜಾತಿ ಕೇಳಿರಲಿಲ್ಲ.

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ನಮ್ಮಲ್ಲೊಬ್ಬಳ ಅಜ್ಜಿ ಸೂಲಗಿತ್ತಿ. ಊರಿನ ದೊಡ್ಡ ಮನೆಗಳ ಕೂಸುಗಳನ್ನು ಮೊದಲು ಹಿಡಿದದ್ದು ಆಕೆಯ ಕೈ. ಎಣ್ಣೆ ಹಚ್ಚಿ, ಕಾಲು ನೀಡಿಕೊಂಡು ಕೂತು, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದಳು. ಯಾವ ಕೂಸು ಮೊಲೆ ಸರಿಯಾಗಿ ಚೀಪುತ್ತಿಲ್ಲ, ಯಾವುದರ ಅಳು ಸಣ್ಣಗಿದೆ, ಯಾವುದರ ಮೈ ಕೈಯಲ್ಲಿ ಬಟ್ಟೆಯ ಹಾಗೆ ಜೋಲುತ್ತಿದೆ ಎಂದು ಆಕೆಗೆ ಗೊತ್ತಾಗುತ್ತಿತ್ತು. ಪುರುಡು ಕಳೆದ ಮೇಲೆ ಅದೇ ಕೈ ಮತ್ತೆ ಮೈಲಿಗೆ. ಹಿತ್ತಲಲ್ಲಿ ನಿಂತು ಅಕ್ಕಿ ಈಸಿಕೊಂಡು ಬರುತ್ತಿದ್ದಳು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವು ಮೂವರೂ ಫೋನಿನಲ್ಲಿ ಮಾತಾಡಿಕೊಂಡೆವು. ನಮ್ಮ ಅಜ್ಜಿಗೆ ಯಾವ ಶ್ರೀಯೂ ಬರಲಿಲ್ಲ. ಆದರೆ ಕಾಲೇಜಿನಲ್ಲಿ ಒಂದು ದಿನವಾದರೂ ಯಾರಾದರೂ ಆಕೆಯಂಥವಳನ್ನು ಕರೆದು, ನಿನಗೆ ಏನು ಗೊತ್ತು ಹೇಳು ಎಂದು ಕೇಳಿದ್ದರೆ ನಮ್ಮ ಓದು ಬೇರೆಯಾಗುತ್ತಿತ್ತು.

ಎರಡು ವರ್ಷದಲ್ಲಿ ವಾರ್ಡಿನಿಂದ ವಾರ್ಡಿಗೆ ಸುತ್ತಿದೆವು. ದಿನ ತುಂಬದ ಕೂಸುಗಳ ಐಸಿಯುನಲ್ಲಿ ಅಂಗೈಯಗಲದ ಎದೆಯನ್ನು ಎರಡು ಬೆರಳಲ್ಲಿ ಮುಟ್ಟೋದು ಕಲಿತೆವು. ಪಾದ ಒಳಕ್ಕೆ ತಿರುಚಿ ಹುಟ್ಟಿದ ಮಕ್ಕಳಿಗೆ ಪಾನ್ಸೆಟಿ ವಿಧಾನದಲ್ಲಿ ವಾರ ವಾರ ಪ್ಲಾಸ್ಟರ್ ಬದಲಿಸಿ ಪಾದವನ್ನು ಸರಿದಾರಿಗೆ ತರುವುದನ್ನು ನೋಡಿದೆವು. ಪಾದ ಸರಿಯಾದ ಮೇಲೆ ನಾಲ್ಕು ವರ್ಷ ತುಂಬುವವರೆಗೂ ರಾತ್ರಿ ಹೊತ್ತು ಬ್ರೇಸ್ ಹಾಕಬೇಕು. ಹಾಕುವವಳು ತಾಯಿ. ಬೆಂಕಿ ಬಿದ್ದು ಸುಟ್ಟ ಮಕ್ಕಳ ಮೊಣಕೈ ಮಡಚಿಕೊಂಡು ಅಂಟಿಹೋಗದ ಹಾಗೆ ನೋಡಿಕೊಂಡೆವು. ಆದರೆ ನಮ್ಮ ಚಾಪೆ ಮೇಲೆ ಹೆಚ್ಚು ಕಂಡದ್ದು ಸೆರೆಬ್ರಲ್ ಪಾಲ್ಸಿಯ ಮಕ್ಕಳು.

ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮಿದುಳಿಗೆ ಬಿದ್ದ ಪೆಟ್ಟು. ಬಸಿರಿನಲ್ಲಿ ಬೀಳಬಹುದು, ಹೆರಿಗೆಯಲ್ಲಿ ಬೀಳಬಹುದು, ಹುಟ್ಟಿದ ಮೇಲೂ ಬೀಳಬಹುದು. ದಿನ ತುಂಬದೆ ಹುಟ್ಟಿದ್ದು, ಹೆರಿಗೆಯಲ್ಲಿ ಉಸಿರು ಕಟ್ಟಿದ್ದು, ಹುಟ್ಟಿದ ಕೂಸಿಗೆ ಕಾಮಾಲೆ ವಿಪರೀತ ಏರಿದ್ದು, ಮಿದುಳು ಜ್ವರ, ಇವು ಅದರ ದಾರಿಗಳು. ಮಿದುಳಿನ ಪೆಟ್ಟು ಆಮೇಲೆ ಹೆಚ್ಚಾಗೋದಿಲ್ಲ. ಆದರೆ ಮೈ ಬೆಳೆದ ಹಾಗೆ ಬಿಗಿದ ಸ್ನಾಯು ಕೀಲುಗಳನ್ನು ಎಳೆಯುತ್ತಾ ಹೋಗುತ್ತದೆ. ಹಳ್ಳಿಗಳಲ್ಲಿ ಇದಕ್ಕೂ ಪೋಲಿಯೊ ಎಂದೇ ಹೆಸರು. ಪೋಲಿಯೊದ ಕೊನೆಯ ಕೇಸು ಈ ದೇಶದಲ್ಲಿ ಕಂಡದ್ದು 2011ರ ಜನವರಿಯಲ್ಲಿ, ಭಾರತ ಪೋಲಿಯೊಮುಕ್ತ ಎಂದು ಸಾರಿದ್ದು 2014ರ ಮಾರ್ಚಿನಲ್ಲಿ. ಪೋಲಿಯೊ ಹೋಯಿತು, ಹೆಸರು ಉಳಿಯಿತು. ಅದರ ಜೊತೆಗೆ 'ಹಿಂದಿನ ಜನ್ಮದ ಪಾಪ' ಎಂಬ ಮಾತೂ ಉಳಿಯಿತು. ಹೆರಿಗೆ ಕೋಣೆಯಲ್ಲಿ ಆಮ್ಲಜನಕ ಇರದೆ ಇದ್ದದ್ದಕ್ಕೆ ತಾಯಿಯ ಪಾಪ ಹೇಗೆ ಕಾರಣವಾಗುತ್ತದೆ ಎಂದು ಕೇಳುವವರಿಲ್ಲ.

ಈ ಮಕ್ಕಳಿಗೆ ನಮಗೆ ಕಲಿಸಿದ ವಿಧಾನ ಬೊಬಾತ್ ದಂಪತಿಗಳದ್ದು. ಬೆರ್ಟಾ ಬೊಬಾತ್ ಬರ್ಲಿನ್ನಿನಲ್ಲಿ ಅಂಗಸಾಧನೆ ಕಲಿಸುತ್ತಿದ್ದ ಹೆಂಗಸು, ಕಾರೆಲ್ ಡಾಕ್ಟರು. ಇಬ್ಬರೂ ಯಹೂದಿಗಳು. ಹಿಟ್ಲರನ ಕಾಲದಲ್ಲಿ ಲಂಡನ್ನಿಗೆ ಓಡಿಬಂದ ನಿರಾಶ್ರಿತರು. ಮೈಯ ಬಿಗಿತವನ್ನು ಕೈಯಿಂದ ಸಡಿಲಿಸಿ, ಸರಿಯಾದ ಚಲನೆಯ ರುಚಿಯನ್ನು ಮಿದುಳಿಗೆ ಹತ್ತಿಸಬೇಕು ಎಂಬುದು ಅವರ ವಿಚಾರ. ಹುಟ್ಟಿನ ಕಾರಣಕ್ಕೆ ಊರು ಬಿಡಿಸಿಕೊಂಡವರು, ಎಲ್ಲರೂ ಕೈಬಿಟ್ಟ ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡರು. ಆ ಕತೆ ನಮಗೆ ಬಹಳ ಹಿಡಿಸಿತ್ತು. ನಾವೂ ಬೊಬಾತ್‌ಗಳೇ ಎಂದುಕೊಂಡು ಚಾಪೆ ಮೇಲೆ ಕೂರುತ್ತಿದ್ದೆವು.

ಆಗ 2013ರ ಒಂದು ಲೇಖನ ಓದಿದೆವು. ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತು ಸಂಗಡಿಗರದು. ಸೆರೆಬ್ರಲ್ ಪಾಲ್ಸಿಗೆ ಲೋಕದಲ್ಲಿ ಮಾಡುವ ಚಿಕಿತ್ಸೆಗಳನ್ನೆಲ್ಲ ಒಟ್ಟುಹಾಕಿ, ರಸ್ತೆಯ ಸಿಗ್ನಲ್ಲಿನ ಹಾಗೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ್ದರು. ನಾವು ದಿನವೂ ಮಾಡುತ್ತಿದ್ದ ಕೈವಿದ್ಯೆ ಕೆಂಪಿನಲ್ಲಿತ್ತು. ಹಸಿರಿನಲ್ಲಿ ಏನಿತ್ತು? ಮಗುವಿಗೆ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟುಕೊಂಡು ಮಗು ತಾನೇ ಮಾಡಿ ಕಲಿಯೋದು. ಮಗು ಇರುವ ಜಾಗದಲ್ಲೇ ಕಲಿಸೋದು. ಮನೆಯಲ್ಲಿ ಮಾಡುವ ಅಭ್ಯಾಸ. ಸೊಂಟದ ಕೀಲನ್ನು ಎಕ್ಸ್‌ರೇಯಲ್ಲಿ ಕಾಲಕಾಲಕ್ಕೆ ನೋಡುತ್ತಿರೋದು.

ಓದಿದೆವು. ಸೆಮಿನಾರಿನಲ್ಲಿ ಮಂಡಿಸಿದೆವು. ಚಪ್ಪಾಳೆ ಬಿತ್ತು. ಮಾರನೆಯ ದಿನ ಮತ್ತೆ ಅದೇ ಚಾಪೆ, ಅದೇ ಮುಕ್ಕಾಲು ಗಂಟೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಎಂದರೆ ಒಂದೂವರೆ ಗಂಟೆ. ಉಳಿದ 166 ಗಂಟೆ 30 ನಿಮಿಷ ಮಗು ಎಲ್ಲಿರುತ್ತದೆ, ಯಾರ ತೊಡೆ ಮೇಲಿರುತ್ತದೆ, ಹೇಗೆ ಮಲಗಿರುತ್ತದೆ? ನಮ್ಮ ಎರಡು ವರ್ಷದ ಓದಿನಲ್ಲಿ ಈ ಪ್ರಶ್ನೆಗೆ ಒಂದು ಪೋಸ್ಟಿಂಗೂ ಇರಲಿಲ್ಲ.

ಈಗ ಆ ತಾಯಿಯ ಮಾತು.

2015ರ ಮೊದಲಲ್ಲಿ ಬಂದಳು. ಸೊಂಟದ ಮೇಲೆ ಮೂರು ವರ್ಷದ ಹೆಣ್ಣು ಕೂಸು. ಕಾಲು ಎರಡೂ ಕತ್ತರಿಯ ಹಾಗೆ ಒಂದರ ಮೇಲೊಂದು. ಆಧಾರ ಕೊಟ್ಟರೆ ಒಂದಿಷ್ಟು ಹೊತ್ತು ಕೂರುತ್ತಿತ್ತು. ಕೆನಡಾದ ಕ್ಯಾನ್‌ಚೈಲ್ಡ್ ತಂಡ 1997ರಲ್ಲಿ ಮಾಡಿದ ಐದು ಹಂತದ ಅಳತೆ ಒಂದಿದೆ. ಒಂದನೆಯ ಹಂತದವರು ತಾವಾಗಿ ನಡೆಯುತ್ತಾರೆ, ಐದನೆಯವರನ್ನು ಎತ್ತಿಕೊಂಡೇ ಓಡಾಡಬೇಕು. ಈ ಕೂಸು ನಾಲ್ಕನೆಯದು. ಆಕೆ ಕೇಳಿದ್ದು ಒಂದೇ: 'ನಡೀತದಾ ಕನವ್ವಾ?' ನಾವು ನೇರ ಉತ್ತರ ಕೊಡಲಿಲ್ಲ. 'ನೋಡೋಣ, ತಪ್ಪದೆ ಬನ್ನಿ' ಅಂದೆವು.

ನಾಲ್ಕು ತಿಂಗಳು ಬಂದಳು. ಆಮೇಲೆ ವಾರಕ್ಕೊಂದು ಸಲ, ಆಮೇಲೆ ಹದಿನೈದು ದಿನಕ್ಕೊಂದು. ಆಮೇಲೆ ಇಲ್ಲ. ನಾವು ಆ ಸಾಲು ಬರೆದೆವು.

ವರ್ಷದ ಕೊನೆಯಲ್ಲಿ ಥೀಸಿಸ್ಸಿಗೆ ಮಕ್ಕಳ ಲೆಕ್ಕ ಬೇಕಾಗಿ ಹಳೆಯ ವಿಳಾಸಗಳನ್ನು ಹಿಡಿದು ಹೊರಟೆವು. ಸೇವೆಗೆ ಹೋಗಲಿಲ್ಲ, ಡಿಗ್ರಿಗೆ ಹೋದೆವು. ಎರಡು ಬಸ್ಸು ಬದಲಿಸಿ, ಕೊನೆಯ ಮೂರು ಮೈಲಿ ನಡೆದು ಅವಳ ಕೇರಿಗೆ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಇದೇ ದಾರಿಯನ್ನು ಅವಳು ಕೂಸನ್ನು ಹೊತ್ತು ಬೆಳಗಿನ ಒಂಬತ್ತೂವರೆಗೆ ಮುಟ್ಟಬೇಕಿತ್ತು. ತಡವಾಗಿ ಬಂದರೆ ನಾವು ಗದರಿದ್ದೆವು.

ಒಂದೇ ಅಂಕಣದ ಮನೆ. ಒಳಗೆ ಮೂಲೆಯಲ್ಲಿ ಕೂಸು ಕೂತಿತ್ತು. ಕೂತಿತ್ತು! ಗೋಡೆ ಗೋಡೆ ಕೂಡುವ ಮೂಲೆಗೆ ಬೆನ್ನು ಕೊಟ್ಟು, ಎರಡು ತೊಡೆಯ ನಡುವೆ ಸುತ್ತಿದ ಹಳೇ ಕಂಬಳಿ ತುರುಕಿ, ಮುಂದೆ ಒಂದು ಮರದ ಮಣೆ ಕೊಟ್ಟು ಕೂರಿಸಿದ್ದಳು. ನಮ್ಮ ವಿಭಾಗದಲ್ಲಿ ಇದಕ್ಕೇ ಕಾರ್ನರ್ ಚೇರ್ ಎಂದು ಒಂದು ಕುರ್ಚಿ ಇತ್ತು. ಹಿತ್ತಲಿಗೆ ಕರೆದುಕೊಂಡು ಹೋಗಿ ಇನ್ನೊಂದು ತೋರಿಸಿದಳು. ಸೊಂಟದ ಆಳದ ಗುಂಡಿ ತೋಡಿದ್ದಳು. ಕೂಸನ್ನು ಅದರಲ್ಲಿ ಇಳಿಸಿ, ಸುತ್ತ ಬಟ್ಟೆ ಒತ್ತಿ ನಿಲ್ಲಿಸುತ್ತಿದ್ದಳಂತೆ. ಅದು ಅವಳ ಸ್ಟ್ಯಾಂಡಿಂಗ್ ಫ್ರೇಮು.

'ಯಾಕವ್ವ ಬರೋದು ಬಿಟ್ಟೆ?' ಎಂದು ಕೇಳಿದೆವು.

'ಒಂದ್ ದಿವ್ಸದ ಕೂಲಿ ಹೋಯ್ತದೆ ಕನವ್ವ. ಬಸ್ಸಿಗೆ ಬ್ಯಾರೆ ಕಾಸು. ನಾಕ್ ತಿಂಗ್ಳು ಸಾಲ ಮಾಡ್ಕಂಡು ಬಂದೆ. ನೀವು ಅಲ್ಲಿ ಮಾಡಾದ ನೋಡ್ಕಂಡಿದ್ನಲ್ಲ, ಇಲ್ಲೇ ಮಾಡ್ತಾವ್ನಿ. ತೆಪ್ಪಾಗದಾ?'

ತಪ್ಪು ಅವಳದಾಗಿರಲಿಲ್ಲ. ತಪ್ಪು ಎಲ್ಲಿತ್ತು ಎಂದು ಮರುಗಳಿಗೆಯೇ ತಿಳಿಯಿತು. ಕೂಸನ್ನು ಮಲಗಿಸಿ ತೊಡೆ ಅಗಲಿಸಿ ನೋಡಿದೆವು. ಎಡಗಾಲು ಒಂದು ಹಂತಕ್ಕೆ ಬಂದು ನಿಂತಿತು. ಕೂಸು ಕಿರುಚಿತು. 'ಇತ್ತೀಚ್ಗೆ ಬಟ್ಟೆ ಬದಲ್ಸುವಾಗ್ಲೂ ಹಿಂಗೇ ಅಳ್ತದೆ' ಅಂದಳು. ಆಸ್ಪತ್ರೆಗೆ ಕರೆತಂದು ಎಕ್ಸ್‌ರೇ ತೆಗೆಸಿದೆವು. ಎಡಗಡೆ ಸೊಂಟದ ಕೀಲು ಗುಣಿಯಿಂದ ಅರ್ಧಕ್ಕೆ ಜರುಗಿತ್ತು.

ನಾಲ್ಕು ತಿಂಗಳು ಆ ಕೂಸು ನಮ್ಮ ಚಾಪೆ ಮೇಲಿತ್ತು. ಒಂದು ಸಲವೂ ನಾವು ಸೊಂಟದ ಎಕ್ಸ್‌ರೇ ಬೇಕು ಅನ್ನಲಿಲ್ಲ. ಸೆಮಿನಾರಿನಲ್ಲಿ ನಾವೇ ಓದಿದ್ದೆವು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮಕ್ಕಳ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದನೆಯ ಹಂತದ ಒಂದು ಮಗುವಿಗೂ ಕೀಲು ಜರುಗಿರಲಿಲ್ಲ, ನಾಲ್ಕನೆಯ ಹಂತದಲ್ಲಿ ನೂರಕ್ಕೆ 70ರ ಹತ್ತಿರ, ಐದರಲ್ಲಿ ನೂರಕ್ಕೆ 90. ಬಾಯಿಪಾಠ ಬರುತ್ತಿತ್ತು. ಕೈಗೆ ಬಂದಿರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಬಡವರ ಮಮತೆಯನ್ನು ಹೊಗಳಿ ಮುಗಿಸುವ ಜನ ಇದ್ದಾರೆ. ಗುಂಡಿ ತೋಡಿದ ತಾಯಿಯ ಫೋಟೊ ತೆಗೆದು, ಜನಪದ ಜ್ಞಾನ ಎಂದು ಲೇಖನ ಬರೆಯುವವರಿದ್ದಾರೆ. ಆ ಗುಂಡಿ ಅವಳ ಬುದ್ಧಿಗೆ ಸಾಕ್ಷಿ, ಹೌದು. ಆದರೆ ಜರುಗುತ್ತಿರುವ ಕೀಲು ಮಮತೆಗೆ ಕಾಣೋದಿಲ್ಲ, ಗುಂಡಿಗೂ ಕಾಣೋದಿಲ್ಲ. ಎಕ್ಸ್‌ರೇಗೆ ಕಾಣುತ್ತದೆ, ಓದಿದ ಕೈಗೆ ಕಾಣುತ್ತದೆ. ಅವಳಿಗೆ ನಮ್ಮ ವಿದ್ಯೆ ಬೇಕಿತ್ತು. ಅದು ಅವಳಿಂದ ಎರಡು ಬಸ್ಸು, ಮೂರು ಮೈಲಿ, ಒಂದು ದಿನದ ಕೂಲಿಯಷ್ಟು ದೂರ ಇತ್ತು.

ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ 1994ರಲ್ಲಿ ಒಂದು ಕೆಲಸ ಶುರು ಮಾಡಿದರು. ಆ ಸೀಮೆಯ ಇಂಥ ಮಕ್ಕಳನ್ನೆಲ್ಲ ಒಂದು ಪಟ್ಟಿಗೆ ತಂದರು. ಕಾಲಕಾಲಕ್ಕೆ ಫಿಜಿಯೊಥೆರಪಿಯವರು ನೋಡೋದು, ಸೊಂಟದ ಎಕ್ಸ್‌ರೇ ತೆಗೆಯೋದು, ಜರುಗುವ ಸೂಚನೆ ಕಂಡರೆ ತಡಮಾಡದೆ ಸರಿಪಡಿಸೋದು. ಕೀಲು ಪೂರ್ತಿ ಕಳಚಿಹೋಗೋದು ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಅಲ್ಲಿನ ತಾಯಂದಿರು ನಮ್ಮ ತಾಯಂದಿರಿಗಿಂತ ಹೆಚ್ಚು ಸಹಕರಿಸಿದರು ಎಂದಲ್ಲ. ಪಟ್ಟಿ ಇಟ್ಟುಕೊಂಡು ಮಗುವನ್ನು ಹುಡುಕುವ ಹೊಣೆಯನ್ನು ವ್ಯವಸ್ಥೆ ಹೊತ್ತುಕೊಂಡಿತು.

ನಮ್ಮಲ್ಲೂ ಕಾಗದದಲ್ಲಿ ಹೊಣೆ ಇದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ನೋಡಬೇಕು. ಜಿಲ್ಲೆಗೊಂದು ಕೇಂದ್ರ, ಅದರಲ್ಲಿ ಒಬ್ಬ ಫಿಜಿಯೊಥೆರಪಿಸ್ಟ್ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹಿಂದೆ 7 ಇದ್ದ ಪಟ್ಟಿಯನ್ನು 21ಕ್ಕೆ ಏರಿಸಿತು, ಸೆರೆಬ್ರಲ್ ಪಾಲ್ಸಿಯನ್ನು ಹೆಸರು ಹಿಡಿದು ಸೇರಿಸಿತು. ನಮ್ಮಲ್ಲೊಬ್ಬಳು ಈಗ ಅಂಥ ಒಂದು ಜಿಲ್ಲಾ ಕೇಂದ್ರದಲ್ಲಿ ಗುತ್ತಿಗೆ ಮೇಲಿದ್ದಾಳೆ. ಜಿಲ್ಲೆಗೆಲ್ಲ ಅವಳೊಬ್ಬಳು. ಬೆಳಗ್ಗೆ ಬಾಗಿಲು ತೆಗೆದರೆ ಸಾಲು ನಿಂತಿರುತ್ತದೆ. ಕೇರಿಗೆ ಹೋಗಲು ಅವಳಿಗೆ ಬಿಡುವು ಕೊಡುವವರಿಲ್ಲ.

ಹಳ್ಳಿಯ ಮೇಷ್ಟ್ರೇ, ಮೇಡಂ ಅವರೇ, ಅಂಗನವಾಡಿಯ ಅಕ್ಕಂದಿರೇ, ನಿಮಗೆ ನಾಲ್ಕು ಗುರುತು ಹೇಳುತ್ತೇವೆ. ನಾಲ್ಕು ತಿಂಗಳು ದಾಟಿದರೂ ಕತ್ತು ನಿಲ್ಲದ ಕೂಸು. ಎತ್ತಿದರೆ ಕಾಲು ಕತ್ತರಿಯ ಹಾಗೆ ಹೆಣೆದುಕೊಳ್ಳುವ ಕೂಸು. ಒಂದು ವರ್ಷ ತುಂಬುವ ಮೊದಲೇ ಒಂದು ಕೈಯನ್ನೇ ಬಳಸಿ, ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿರುವ ಕೂಸು. ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದ ಕೂಸು. 'ಅಪ್ಪನೂ ತಡವಾಗೇ ನಡೆದದ್ದು, ಕಾದು ನೋಡಿ' ಅನ್ನಬೇಡಿ. ಎಳೆಯ ಮಿದುಳು ಕಲಿಯೋದು ಬೇಗ, ಕಾಯೋದರಲ್ಲಿ ಹೋಗುವ ಕಾಲ ಮತ್ತೆ ಬರೋದಿಲ್ಲ. ಜಿಲ್ಲಾ ಕೇಂದ್ರಕ್ಕೆ ಕಳಿಸಿ. ಕೂರಲಾಗದ, ನಡೆಯಲಾಗದ ದೊಡ್ಡ ಮಗು ಊರಲ್ಲಿದ್ದರೆ ಸೊಂಟದ ಎಕ್ಸ್‌ರೇ ಆಗಿದೆಯೇ ಎಂದು ಕೇಳಿ.

ಈ ಓದನ್ನು ನಡೆಸುವವರಿಗೂ ನಮ್ಮ ಮಾತಿದೆ. 2021ರ ಕಾಯ್ದೆ ಬಂದ ಮೇಲೆ ಫಿಜಿಯೊಥೆರಪಿಯಂಥ ಓದುಗಳಿಗೆಲ್ಲ ದೇಶಕ್ಕೊಂದೇ ಆಯೋಗ ಬಂದಿದೆ. ಪಠ್ಯಕ್ರಮ ಬರೆಯುವಾಗ ಅಮೆರಿಕದ 1,500 ಗಂಟೆಯನ್ನು ನೋಡಲಿ, ಬೇಡ ಅನ್ನುವುದಿಲ್ಲ. ಗುರುವಿನ ಕೈ ಶಿಷ್ಯನ ಕೈ ಮೇಲೆ ಇರುವ 150 ಗಂಟೆ ನಮ್ಮ ಮಕ್ಕಳ ಪಾಲಿಗೂ ಬೇಕು. ಆದರೆ ಎಲ್ಲಿ ಇದ್ದು ಕಲಿಯಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಬರಬೇಕು. ಎರಡು ವರ್ಷದಲ್ಲಿ ಆರು ತಿಂಗಳಾದರೂ ತಾಲ್ಲೂಕಿನಲ್ಲಿ, ಅಂಗನವಾಡಿಯಲ್ಲಿ, ಕೇರಿಯಲ್ಲಿ ಇದ್ದು ಕಲಿಯಲಿ. ನೆಲದ ಮೇಲೆ ಕೂತು ಉಣ್ಣುವ, ಕುಕ್ಕರಗಾಲಲ್ಲಿ ಕೂತು ಬಹಿರ್ದೆಸೆಗೆ ಹೋಗುವ ಮಗುವಿಗೆ ಕುರ್ಚಿಯಿಂದ ಏಳೋದನ್ನು ಕಲಿಸಿ ಪ್ರಯೋಜನವೇನು? ಕಲಿಯುವವರಿಗೆ ಸ್ಟೈಪೆಂಡ್ ಕೊಡಲಿ. ಇಲ್ಲದಿದ್ದರೆ ಕೂಲಿಯವರ ಮಕ್ಕಳು ಈ ಓದಿಗೆ ಬರೋದಿಲ್ಲ. ಬಂದರೂ ಸಾಲ ತೀರಿಸಲು ಪಟ್ಟಣದ ಕ್ಲಿನಿಕ್ಕಿಗೆ ಓಡುತ್ತಾರೆ. ನಮ್ಮ ಮೂವರಲ್ಲಿ ಒಬ್ಬ ಓಡಿದ. ಅವನನ್ನು ಬೈಯುವ ಹಕ್ಕು ನಮಗಿಲ್ಲ, ಅವನೂ ಈ 'ನಾವು'ವಿನಲ್ಲೇ ಇದ್ದಾನೆ. ತಾಯಿಗೆ ಕೊಡುವ ಮನೆಪಾಠ ಕನ್ನಡದಲ್ಲಿರಲಿ, ಅವಳ ದಿನಚರಿಯೊಳಗೆ ಕೂರುವಷ್ಟಿರಲಿ. ನೀರು ಹೊತ್ತು, ಕಳೆ ಕಿತ್ತು, ಮುದ್ದೆ ತೊಳಸಿ ಬಂದವಳ ಕೈಗೆ ಹನ್ನೆರಡು ವ್ಯಾಯಾಮದ ಪಟ್ಟಿ ಕೊಟ್ಟು, ಮಾಡಲಿಲ್ಲ ಎಂದು ಬರೆಯುವುದು ಚಿಕಿತ್ಸೆಯಲ್ಲ.

ಆ ಕೂಸಿಗೆ 2016ರಲ್ಲಿ ಆಪರೇಷನ್ ಆಯಿತು. ಕೀಲು ಕೂತಿತು. ಅವಳು ನಡೆಯಲಿಲ್ಲ. ಆ ಮಾತನ್ನು ತಾಯಿಗೆ ಹೇಳಲು ನಮಗೆ ಒಂದು ವರ್ಷ ಹಿಡಿಯಿತು. ಹೇಳಿದ ದಿನ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಮೊದ್ಲೇ ಅಂದಿದ್ರೆ ಕೂತ್ಕಂಡು ಮಾಡ ಕೆಲ್ಸನೆ ಕಲುಸ್ತಿದ್ನಲ್ಲವ್ವಾ' ಅಂದಳು. ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಗಾಲಿಕುರ್ಚಿಯಲ್ಲಿ ಕೂತು ಓದುತ್ತಾಳೆ, ಅವರೆಕಾಯಿ ಬಿಡಿಸುತ್ತಾಳೆ, ನಾವು ಹೋದರೆ ಜಗಳ ಆಡುತ್ತಾಳೆ. ಕೇರಿಯಿಂದ ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ಚರಂಡಿ ಇದೆ. ಅಲ್ಲಿ ಕುರ್ಚಿಯನ್ನು ಇಬ್ಬರು ಎತ್ತಿ ದಾಟಿಸಬೇಕು. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಒಂದು ಕಲ್ಲುಚಪ್ಪಡಿ ಇನ್ನೂ ಬಿದ್ದಿಲ್ಲ.

ಓದು ಮುಗಿಸಿ ಹೊರಡುವ ಮೊದಲು ನಾವು ರೆಕಾರ್ಡ್ ರೂಮಿಗೆ ಹೋಗಿ ಆ ಕೇಸ್ ಶೀಟನ್ನು ತೆಗೆಸಿದೆವು. ಹಳೆಯದನ್ನು ಅಳಿಸುವ ಹಾಗಿಲ್ಲ, ಕೆಳಗೆ ಸೇರಿಸಬಹುದು. ಕನ್ನಡದಲ್ಲಿ ಬರೆದು, ತಾರೀಖು ಹಾಕಿ, ಮೂವರೂ ಸಹಿ ಮಾಡಿದೆವು:

'ಮೇಲಿನದು ತಪ್ಪು. ತಾಯಿ ಮನೆಯಲ್ಲಿ ದಿನವೂ ಮಾಡಿಸುತ್ತಿದ್ದಾರೆ. ಇಲ್ಲಿಗೆ ಬರಲು ಎರಡು ಬಸ್ಸು, ಒಂದು ದಿನದ ಕೂಲಿ. ಸೊಂಟದ ಎಕ್ಸ್‌ರೇ ಕೇಳದೆ ಇದ್ದದ್ದು ನಾವು. ಕೇಸು ಮುಚ್ಚಿಲ್ಲ.'